ವಾರಕ್ಕೆ ಆರು ದಿನ ಜಿಮ್, ಭಾನುವಾರ ಹಾಸಿಗೆ: ರಜೆಯ ದಿನ ಏನು ಮಾಡಬೇಕು?

ಪ್ರಶ್ನೆ: ನನಗೆ 26 ವರ್ಷ, ತೂಕ 64 ಕೆ.ಜಿ. ದಾವಣಗೆರೆಯ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿಯ ಕೆಲಸ. ಎಂಟು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಕೈ, ಶುಕ್ರವಾರ ಕಾಲು, ಶನಿವಾರ ಮತ್ತೆ ಎದೆ. ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಅಂಗಡಿ ಮುಚ್ಚಿ ಮನೆಗೆ ಬಂದು, ಊಟ ಮಾಡಿ, ಮೊಬೈಲ್ ನೋಡಿ ಮಲಗುವಾಗ ಹನ್ನೆರಡು. ಎರಡು ತಿಂಗಳಿಂದ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಅಂಗಾತ ಮಲಗಿ ತೂಕವನ್ನು ಮೇಲಕ್ಕೆ ತಳ್ಳುವುದು) 60 ಕೆ.ಜಿ. ದಾಟುತ್ತಿಲ್ಲ. ಭಾನುವಾರ ಜಿಮ್ ರಜೆ. ಅವತ್ತು ಮಧ್ಯಾಹ್ನದ ತನಕ ಮಲಗಿರುತ್ತೇನೆ, ಇಲ್ಲವೇ ಗೆಳೆಯರ ಜೊತೆ ಕ್ರಿಕೆಟ್. ಆದರೂ ಸೋಮವಾರ ಮೈ ಭಾರ. ಒಂದು ದಿನ ಸುಮ್ಮನಿದ್ದರೂ ಮಾಡಿದ್ದೆಲ್ಲ ಹೋಗಿಬಿಡುತ್ತದೆ ಅನ್ನುವ ಭಯ ಬೇರೆ. ಭಾನುವಾರವೂ ಮನೆಯಲ್ಲಿ ದಂಡ, ಬಸ್ಕಿ ಹೊಡಿ ಅನ್ನುತ್ತಾರೆ ಒಬ್ಬರು. ಏನೂ ಮಾಡಬೇಡ, ಅವತ್ತು ಪ್ರೊಟೀನೂ ಬೇಡ ಅನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ? ಬೆಣ್ಣೆ ದೋಸೆ ತಿನ್ನಬಹುದಾ?

ಉತ್ತರ: ಮೊದಲು ಆ ಭಯದ ಮಾತು. ಒಂದು ದಿನ ಇರಲಿ, ಒಂದು ವಾರ ಜಿಮ್ ಕಡೆ ತಲೆ ಹಾಕದಿದ್ದರೂ ನಿಮ್ಮ ಬಲ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಹಾಗೆ ತಿಂಗಳುಗಟ್ಟಲೆ ತೂಕ ಎತ್ತಿದವರು ಪೂರ್ತಿ ನಿಲ್ಲಿಸಿದರೂ ಎರಡು ಮೂರು ವಾರ ಬಲ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಓಡುವ ದಮ್ಮು ಸ್ವಲ್ಪ ಬೇಗ ಇಳಿಯುತ್ತದೆ. ಅದಕ್ಕೂ ಹತ್ತು ಹದಿನೈದು ದಿನ ಬೇಕು. ಭಾನುವಾರ ಸಂಜೆ ಕನ್ನಡಿಯಲ್ಲಿ ತೋಳು ಸಣ್ಣಗಾದ ಹಾಗೆ ಕಂಡರೆ ಸ್ನಾಯು ಕರಗಿದೆ ಅಂದುಕೊಳ್ಳಬೇಡಿ. ಕಸರತ್ತು ಮಾಡಿದಾಗ ರಕ್ತ ನುಗ್ಗಿ ಸ್ನಾಯು ಉಬ್ಬುತ್ತದಲ್ಲ, ಆ ಉಬ್ಬು ಇಳಿದಿರುತ್ತದೆ, ಅಷ್ಟೇ. ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ ಅಂತ ನಾಲ್ಕು ದಿನ ತಪ್ಪಿದರೂ ಹೆದರಬೇಕಿಲ್ಲ.

ಈಗ ನಿಮ್ಮ ಪ್ರಶ್ನೆ. ನೀವು ಕೇಳಿದ್ದು ಭಾನುವಾರದ ಬಗ್ಗೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಒಂದು, ರಾತ್ರಿ ಹನ್ನೆರಡು ಗಂಟೆ. ಇನ್ನೊಂದು, ಬುಧವಾರ. ಭಾನುವಾರ ನೀವು ಏನು ಮಾಡಿದರೂ ಈ ಎರಡನ್ನು ಸರಿ ಮಾಡದೆ ಸೋಮವಾರದ ಭಾರ ಇಳಿಯುವುದಿಲ್ಲ. ಫಿಸಿಯೋಥೆರಪಿಸ್ಟ್ ಆಗಿ ಇದೇ ಊರಿನಲ್ಲಿ ಎಷ್ಟೋ ಹುಡುಗರನ್ನು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಜಿಮ್‌ನಿಂದ ಹೊರಗೆ ಬರುವಾಗ ನೀವು ಒಳಗೆ ಹೋದಾಗ ಇದ್ದಷ್ಟು ಬಲವಂತರಾಗಿ ಇರುವುದಿಲ್ಲ. ನೀವೇ ನೆನಪು ಮಾಡಿಕೊಳ್ಳಿ. ಮೊದಲ ಸೆಟ್‌ನಲ್ಲಿ ಎಂಟು ಸಲ ಎದ್ದ ತೂಕ ಕೊನೆಯ ಸೆಟ್‌ನಲ್ಲಿ ನಾಲ್ಕಕ್ಕೇ ಕೈ ನಡುಗಿಸುತ್ತದೆ. ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಹರುಕು ಆಗಿರುತ್ತದೆ. ಒಳಗೆ ಕೂಡಿಟ್ಟಿದ್ದ ಇಂಧನವೂ ಬಹಳಷ್ಟು ಖರ್ಚಾಗಿರುತ್ತದೆ. ಮೈ ಈ ರಿಪೇರಿ ಕೆಲಸವನ್ನು ನೀವು ಮನೆಗೆ ಹೋದ ಮೇಲೆ ಮಾಡುತ್ತದೆ. ಒಂದು ಒಳ್ಳೆಯ ಕಸರತ್ತಿನ ನಂತರ ಸ್ನಾಯು ಕಟ್ಟುವ ಕೆಲಸ 24 ರಿಂದ 48 ಗಂಟೆಯವರೆಗೆ ಜೋರಾಗಿ ನಡೆಯುತ್ತದೆ. ಅನ್ನ, ರೊಟ್ಟಿಯಿಂದ ಬರುವ ಇಂಧನ ಮತ್ತೆ ತುಂಬಲು ಸುಮಾರು ಒಂದು ದಿನ ಬೇಕು.

ಸ್ನಾಯುವನ್ನು ಮೂಳೆಗೆ ಕಟ್ಟಿ ಹಿಡಿದಿರುವ ಹುರಿ ಇದೆಯಲ್ಲ, ಟೆಂಡನ್ ಅನ್ನುತ್ತೇವೆ, ಅದರದ್ದು ಇನ್ನೂ ನಿಧಾನ. ಅಲ್ಲಿ ರಕ್ತದ ಓಡಾಟ ಕಡಿಮೆ. ಸ್ನಾಯು ಎರಡು ಮೂರು ತಿಂಗಳಲ್ಲಿ ಗಟ್ಟಿಯಾಗಿ ಇನ್ನೂ ತೂಕ ಹಾಕು ಅನ್ನುತ್ತದೆ. ಹುರಿ ಮಾತ್ರ ಹಿಂದೆಯೇ ಉಳಿದಿರುತ್ತದೆ. ಹೊಸಬರಲ್ಲಿ ಭುಜದ ಮುಂಭಾಗ, ಮೊಣಕೈ ನೋಯಲು ಶುರುವಾಗುವುದು ಮೊದಲ ತಿಂಗಳಲ್ಲಲ್ಲ. ಹೀಗೆ ಏಳೆಂಟು ತಿಂಗಳು ಕಳೆದು, ಉತ್ಸಾಹ ತುಂಬಿ ತೂಕ ಏರಿಸುವ ಹೊತ್ತಿಗೆ. ನೀವು ಈಗ ಸರಿಯಾಗಿ ಅಲ್ಲಿದ್ದೀರಿ.

ಈಗ ನಿಮ್ಮ ವಾರವನ್ನು ನೋಡಿ. ದಿನಕ್ಕೊಂದು ಅಂಗ ಅಂತ ಹಂಚಿದ್ದೀರಿ. ಇವತ್ತು ಬೆನ್ನು ಮಾಡಿದರೆ ಎದೆಗೆ ರಜೆ ಅನ್ನುವ ಲೆಕ್ಕ. ಬಹಳ ಜಿಮ್‌ಗಳಲ್ಲಿ ಇದೇ ಲೆಕ್ಕ ಹೇಳಿಕೊಡುತ್ತಾರೆ. ಆದರೆ ಬೆಂಚ್ ಪ್ರೆಸ್‌ನಲ್ಲಿ ಎದೆ ಒಂದೇ ದುಡಿಯುವುದಿಲ್ಲ. ಭುಜದ ಮುಂಭಾಗ, ತೋಳಿನ ಹಿಂಬದಿಯ ಟ್ರೈಸೆಪ್ಸ್, ಇವೆರಡೂ ಜೊತೆಗೆ ತಳ್ಳುತ್ತವೆ. ಸೋಮವಾರ ಎದೆ ಮಾಡುವಾಗ ಅವು ದಣಿದವು. ಬುಧವಾರ ಭುಜದ ದಿನ, ತೂಕವನ್ನು ತಲೆ ಮೇಲೆ ಎತ್ತುವಾಗ ಮತ್ತೆ ಅವೇ ಎರಡು. ಗುರುವಾರ ಕೈ ಅಂದರೆ ಟ್ರೈಸೆಪ್ಸ್‌ಗೆ ಮತ್ತೆ ಕೆಲಸ. ಶುಕ್ರವಾರ ಒಂದು ದಿನ ಬಿಡುವು. ಶನಿವಾರ ಎದೆ, ತಿರುಗಿ ಸೋಮವಾರ ಎದೆ. ಅಂದರೆ ಎದೆಗೆ ಬಿಡುವು ಸಿಕ್ಕಿರಬಹುದು, ಟ್ರೈಸೆಪ್ಸ್ ವಾರಕ್ಕೆ ನಾಲ್ಕು ದಿನ ದುಡಿಯುತ್ತಿದೆ. 60 ಕೆ.ಜಿ. ಅಲ್ಲೇ ನಿಲ್ಲಲು ಇದು ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ. ಎತ್ತಿನ ಜೋಡಿಯಲ್ಲಿ ಒಂದು ದಣಿದಿದ್ದರೆ ಇನ್ನೊಂದು ಎಷ್ಟೇ ಗಟ್ಟಿ ಇದ್ದರೂ ಗಾಡಿ ಏರು ಹತ್ತುವುದಿಲ್ಲ, ಅಲ್ವಾ?

ಇದರ ಮೇಲೆ ಅಂಗಡಿ ಕೆಲಸ. ಬಟ್ಟೆ ಅಂಗಡಿಯಲ್ಲಿ ನಿಲ್ಲುವುದು ಅಂದರೇನು ಅಂತ ನನಗೆ ಗೊತ್ತು. ಇಡೀ ದಿನ ಕಾಲ ಮೇಲೆ. ಮೇಲಿನ ರ‍್ಯಾಕ್‌ನಿಂದ ಥಾನು ಇಳಿಸು, ಬಿಚ್ಚಿ ತೋರಿಸು, ಮಡಚು, ಮತ್ತೆ ಮೇಲಿಡು. ಹಬ್ಬ ಮತ್ತು ಮದುವೆ ಸೀಸನ್‌ನಲ್ಲಿ ಊಟಕ್ಕೂ ಕೂರಲು ಆಗುವುದಿಲ್ಲ. ಜಿಮ್‌ನ ಪುಸ್ತಕದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಮೈ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಹೇಳುವ ರಜೆಯ ದಿನ ಬೇರೆ, ನಿಮಗೆ ಹೇಳುವುದು ಬೇರೆ. ಅವರು ರಜೆಯಲ್ಲಿ ಜಾಸ್ತಿ ಓಡಾಡಬೇಕು. ನೀವು ಸ್ವಲ್ಪ ಹೊತ್ತು ಕಾಲು ಮೇಲಿಟ್ಟು ಮಲಗಬೇಕು.

ಇಲ್ಲಿ ಒಂದು ಮಾತು ಬರುತ್ತದೆ. ನನ್ನ ಹತ್ತಿರ ಬರುವ ಹುಡುಗರು ಆಗಾಗ ಕೇಳುತ್ತಾರೆ: "ಸರ್, ಎಪಿಎಂಸಿಯಲ್ಲಿ ಹಮಾಲರು ದಿನಾ ಮೂಟೆ ಹೊರುತ್ತಾರೆ. ಅವರಿಗೆ ಎಲ್ಲಿ ರೆಸ್ಟ್ ಡೇ? ಅವರ ಮೈ ನೋಡಿ ಹೇಗಿದೆ!" ನಿಜ. ಮೆಕ್ಕೆಜೋಳದ ಸುಗ್ಗಿಯಲ್ಲಿ ಅವರು ಹೊರುವುದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ. ಆದರೆ ಎರಡು ವಿಷಯ ಗಮನಿಸಿ. ಅವರ ಮೈ ವರ್ಷಗಟ್ಟಲೆ ಒಂದೇ ತೂಕಕ್ಕೆ ಒಗ್ಗಿದೆ. ವಾರ ವಾರ ಮೂಟೆಯ ತೂಕ ಏರಿಸುತ್ತಾ ಹೋಗುವುದಿಲ್ಲ. ನೀವು ಏರಿಸಬೇಕು ಅಂತಲೇ ಜಿಮ್‌ಗೆ ಹೋಗುತ್ತೀರಿ. ಇನ್ನೊಂದು, ನಲವತ್ತೈದು ದಾಟಿದ ಅವರ ಸೊಂಟ ಮತ್ತು ಮಂಡಿ ಹೇಗಿರುತ್ತದೆ ಅಂತ ನನಗೆ ಗೊತ್ತು, ಏಕೆಂದರೆ ಅವರು ನನ್ನ ಹತ್ತಿರ ಬರುತ್ತಾರೆ. ಬಿಡುವಿಲ್ಲದೆ ಹೊತ್ತದ್ದು ಹೊಟ್ಟೆಪಾಡಿಗೆ. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಇದೆ. ಅವರನ್ನು ತೋರಿಸಿ ರಜೆ ಬೇಡ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ರಾತ್ರಿ ಹನ್ನೆರಡು ಗಂಟೆ. ಹನ್ನೆರಡಕ್ಕೆ ಮಲಗಿ ಐದೂವರೆಗೆ ಎದ್ದರೆ ಐದೂವರೆ ಗಂಟೆ ನಿದ್ದೆ. ನಿಮ್ಮ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆ ಬೇಕು. ಏಳು ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ಒಂದೂವರೆ ಗಂಟೆ ಸಾಲ. ಆರು ರಾತ್ರಿಗೆ ಒಂಬತ್ತು ಗಂಟೆ. ಭಾನುವಾರ ಮಧ್ಯಾಹ್ನದ ತನಕ ನೀವು ಮಲಗುವುದು ಸೋಮಾರಿತನ ಅಲ್ಲ, ಮೈ ಆ ಸಾಲ ವಸೂಲಿ ಮಾಡುತ್ತಿದೆ. ಆದರೆ ಒಂದೇ ದಿನದಲ್ಲಿ ಅದು ಪೂರ್ತಿ ತೀರುವುದಿಲ್ಲ. ಮಧ್ಯಾಹ್ನ ಎದ್ದವರಿಗೆ ರಾತ್ರಿ ಹನ್ನೊಂದಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಒಂದು ಗಂಟೆಗೆ ಮಲಗಿ ಸೋಮವಾರ ಮತ್ತೆ ಐದೂವರೆಗೆ ಏಳುತ್ತೀರಿ. ನಿಮ್ಮ ಸೋಮವಾರದ ಭಾರ ಅಲ್ಲಿಂದ ಬರುತ್ತಿದೆ. ಗಾಢ ನಿದ್ದೆಯ ಹೊತ್ತಿನಲ್ಲೇ ಮೈಯಲ್ಲಿ ಬೆಳವಣಿಗೆಯ ಹಾರ್ಮೋನ್ ಜಾಸ್ತಿ ಹೊರಬರುವುದು. ಡಬ್ಬದ ಪುಡಿಗೆ ದುಡ್ಡು ಕೊಡುವ ಮುಂಚೆ ಈ ನಿದ್ದೆ ತೆಗೆದುಕೊಳ್ಳಿ, ಇದಕ್ಕೆ ಖರ್ಚಿಲ್ಲ.

ಹೇಗೆ ಅಂತ ಕೇಳುತ್ತೀರಿ. ಅಂಗಡಿ ಮುಚ್ಚುವ ಹೊತ್ತನ್ನು ನೀವು ಬದಲಾಯಿಸಲು ಆಗುವುದಿಲ್ಲ. ಊಟ ಆದ ಮೇಲಿನ ಮೊಬೈಲನ್ನು ಬದಲಾಯಿಸಬಹುದು. ಹತ್ತೂವರೆಗೆ ದೀಪ ಆರಿಸಿ. ಸಂಜೆ ಏಳರ ಚಹಾ ಬಿಡಿ. ಚಹಾ, ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ನಾಲ್ಕು ಗಂಟೆಯ ಚಹಾವೇ ದಿನದ ಕೊನೆಯದಾಗಲಿ.

ಇಷ್ಟು ಹೇಳಿದ ಮೇಲೆ ಭಾನುವಾರಕ್ಕೆ ಬರುತ್ತೇನೆ.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ನಿಮ್ಮ ಮನೆಯಲ್ಲೂ ಹಿರಿಯರು ಹೇಳಿರಬಹುದು. ನಮ್ಮ ತಾತ ಆ ದಿನ ಎತ್ತುಗಳನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಅಂತ ನನಗೆ ಚೆನ್ನಾಗಿ ನೆನಪಿದೆ. ಇಡೀ ದಿನ ಗೂಟಕ್ಕೆ ಕಟ್ಟಿ ಹಾಕುತ್ತಿರಲಿಲ್ಲ. ಬೆಳಿಗ್ಗೆ ಹಳ್ಳಕ್ಕೆ ನಡೆಸಿಕೊಂಡು ಹೋಗಿ ಮೈ ತೊಳೆಯುತ್ತಿದ್ದರು. ಹಸಿರು ಕಂಡ ಕಡೆ ಮೇಯಲು ಬಿಡುತ್ತಿದ್ದರು. ಹೆಗಲ ಮೇಲೆ ನೊಗ ಉಜ್ಜಿದ ಜಾಗ ನೋಡಿ ಎಣ್ಣೆ ಸವರುತ್ತಿದ್ದರು. ಸಂಜೆ ಒಂದು ಹಿಡಿ ಹತ್ತಿಕಾಳು ಹಿಂಡಿ ಜಾಸ್ತಿ. ನೊಗ ಇಲ್ಲ, ಆದರೆ ಓಡಾಟ ಇದೆ, ಮೇವು ಇದೆ, ಪೆಟ್ಟಾದ ಜಾಗದ ಆರೈಕೆ ಇದೆ. ನನ್ನ ಓದಿನಲ್ಲಿ ಇದನ್ನೇ ಆಕ್ಟಿವ್ ರಿಕವರಿ ಅಂತ ಕಲಿತೆ. ಕಲಿಯುವಾಗ ತಾತನ ಸೋಮವಾರಗಳೇ ಕಣ್ಣ ಮುಂದೆ ಬಂದವು.

ಗರಡಿ ಮನೆಯವರಿಗೂ ಇದು ಗೊತ್ತಿತ್ತು. ದಾವಣಗೆರೆ ಕುಸ್ತಿಯ ಊರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಈಗಲೂ ಕುಸ್ತಿ ನೋಡಲು ಜನ ಸೇರುತ್ತಾರೆ. ಹುಡುಗನಾಗಿದ್ದಾಗ ನಾನು ಹೋಗುತ್ತಿದ್ದ ಗರಡಿಯಲ್ಲಿ ಉಸ್ತಾದರು ಪಟ್ಟು ಹಾಕದ ದಿನವೂ ನಮ್ಮನ್ನು ಕರೆಯುತ್ತಿದ್ದರು. ಅವತ್ತು ಅಖಾಡದ ಕೆಮ್ಮಣ್ಣು ಅಗೆದು ಸಡಿಲ ಮಾಡುವುದು, ಒಬ್ಬರಿಗೊಬ್ಬರು ಎಣ್ಣೆ ತಿಕ್ಕುವುದು, ಬಿಸಿಲಿಗೆ ಕೂರುವುದು, ಬಿಸಿನೀರು ಹೊಯ್ದುಕೊಳ್ಳುವುದು. ಜೋರು ಮಾಡಿದರೆ ಬೈಯುತ್ತಿದ್ದರು.

ಹಾಗಾಗಿ ನಿಮ್ಮ ಭಾನುವಾರ ಹೀಗಿರಲಿ. ಬೆಳಿಗ್ಗೆ ಆರೂವರೆ, ಹೆಚ್ಚೆಂದರೆ ಏಳಕ್ಕೆ ಏಳಿ. ಹೊತ್ತು ತಪ್ಪಬಾರದು. ಇನ್ನೂ ನಿದ್ದೆ ಬೇಕು ಅನಿಸಿದರೆ ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಗಂಟೆ ಮಲಗಿ. ಬೆಳಿಗ್ಗೆ ಎದ್ದ ಮೇಲೆ ಕುಂದವಾಡ ಕೆರೆಯ ಕಡೆ ಹೋಗಿ. ಏರಿ ಮೇಲೆ ಮೂವತ್ತು ನಲವತ್ತು ನಿಮಿಷ ನಡೆಯಿರಿ. ವೇಗ ಎಷ್ಟಿರಬೇಕು ಅಂದರೆ, ಪಕ್ಕದವರ ಜೊತೆ ಆರಾಮಾಗಿ ಮಾತಾಡುತ್ತಾ ನಡೆಯಲು ಆಗಬೇಕು. ಮಾತು ತುಂಡಾಗಿ ಏದುಸಿರು ಬಂದರೆ ಜಾಸ್ತಿಯಾಯಿತು ಅಂತ ಅರ್ಥ. ಹೀಗೆ ನಡೆದಾಗ ದಣಿದ ಸ್ನಾಯುಗಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಹಿಡಿದುಕೊಂಡ ಕಾಲು ಬಿಡುತ್ತದೆ. ಕೆರೆ ದೂರ ಆದರೆ ಹೈಸ್ಕೂಲ್ ಮೈದಾನ ಸಾಕು. ಸೈಕಲ್ ಇದ್ದರೆ ಅದೂ ಸರಿ.

ನಡಿಗೆ ಆದ ಮೇಲೆ ಹತ್ತು ಹದಿನೈದು ನಿಮಿಷ ಕೀಲುಗಳನ್ನು ಆಡಿಸಿ. ಇದನ್ನು ಬಹಳ ಜನ ಬಿಡುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಬಾಗಿಲ ಚೌಕಟ್ಟಿಗೆ ಮುಂಗೈ ಒರಗಿಸಿ ಒಂದು ಹೆಜ್ಜೆ ಮುಂದಿಡಿ, ಎದೆ ಮತ್ತು ಭುಜದ ಮುಂಭಾಗ ಬಿಚ್ಚಿಕೊಳ್ಳುತ್ತದೆ. ಅರ್ಧ ನಿಮಿಷ ಹಿಡಿದು ಬಿಡಿ, ಮೂರು ಸಲ ಮಾಡಿ. ಟವೆಲ್ಲಿನ ಎರಡೂ ತುದಿ ಅಗಲವಾಗಿ ಹಿಡಿದು ತಲೆ ಮೇಲಿಂದ ಹಿಂದಕ್ಕೆ, ಮುಂದಕ್ಕೆ ನಿಧಾನಕ್ಕೆ ತನ್ನಿ. ಗೋಡೆ ಮುಂದೆ ನಿಂತು ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ನಿಂತು ಕೆಲಸ ಮಾಡುವವರ ಪಾದದ ಕೀಲು ಬಿಗಿಯಾಗಿರುತ್ತದೆ, ಅದು ಸಡಿಲವಾದರೆ ಸ್ಕ್ವಾಟ್, ಅಂದರೆ ತೂಕ ಹೊತ್ತು ಕೂತು ಏಳುವುದು, ತಾನಾಗಿ ಚೆನ್ನಾಗುತ್ತದೆ. ಕೊನೆಗೆ ಗೋಡೆಗೆ ಕಾಲು ಒರಗಿಸಿ ಹತ್ತು ನಿಮಿಷ ಅಂಗಾತ ಮಲಗಿ. ವಾರಪೂರ್ತಿ ನಿಂತ ಕಾಲಿಗೆ ಇದು ಕೊಡುವ ಸುಖ ದೊಡ್ಡದು. ಅಂಗಡಿಯಿಂದ ಬಂದ ರಾತ್ರಿಯೂ ಮಾಡಿ.

ಒಂದು ಮಾತು ನೇರವಾಗಿ ಹೇಳಬೇಕು. ಮೈ ಎಳೆದರೆ ಮರುದಿನದ ಮೈಕೈ ನೋವು ಮಾಯವಾಗುತ್ತದೆ ಅಂತ ಹೇಳುತ್ತಾರೆ. ಹಾಗೇನೂ ಆಗುವುದಿಲ್ಲ. ನೋವಿನ ಮೇಲೆ ಅದರ ಪರಿಣಾಮ ಬಹಳ ಕಡಿಮೆ. ಕೀಲಿನ ಓಡಾಟ ಹೆಚ್ಚುತ್ತದೆ, ಅದಕ್ಕಾಗಿ ಮಾಡಿ. ಎಣ್ಣೆ ತಿಕ್ಕಿಸಿಕೊಂಡರೆ ನೋವು ಸ್ವಲ್ಪ ತಗ್ಗುತ್ತದೆ. ಭಾನುವಾರ ಎಣ್ಣೆ ಸ್ನಾನ ಮಾಡುವ ರೂಢಿ ನಿಮ್ಮ ಮನೆಯಲ್ಲಿ ಇದ್ದರೆ ಬಿಡಬೇಡಿ.

ದಂಡ, ಬಸ್ಕಿ ಹೊಡಿ ಅಂದವರ ಮಾತು ನಿಮಗೆ ಈಗ ಬೇಡ. ದಂಡ ಹೊಡೆಯುವಾಗಲೂ ದುಡಿಯುವುದು ಅದೇ ಎದೆ, ಅದೇ ಭುಜ, ಅದೇ ಟ್ರೈಸೆಪ್ಸ್.

ಕ್ರಿಕೆಟ್ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿರುತ್ತೇನೆ. ಆಡಬೇಡಿ ಅನ್ನಲು ನನಗೆ ಮನಸ್ಸಿಲ್ಲ. ಗೆಳೆಯರ ಜೊತೆ ನಕ್ಕು ಕಳೆದ ಎರಡು ಗಂಟೆಯೂ ಒಂದು ವಿಶ್ರಾಂತಿಯೇ. ಆದರೆ ಸೋಮವಾರ ಬೆಳಿಗ್ಗೆ ನನ್ನ ಹತ್ತಿರ ಕುಂಟುತ್ತಾ ಬರುವವರಲ್ಲಿ ಭಾನುವಾರದ ಕ್ರಿಕೆಟ್‌ನವರು ಇದ್ದೇ ಇರುತ್ತಾರೆ. ಮರದ ಕೆಳಗೆ ಒಂದು ಗಂಟೆ ಕೂತಿರುತ್ತಾರೆ, ಬ್ಯಾಟಿಂಗ್ ಬಂತು ಅಂತ ಎದ್ದು ಒಂದೇ ಸಲ ರನ್‌ಗೆ ಓಡುತ್ತಾರೆ. ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. ನಿಮ್ಮದಂತೂ ಶುಕ್ರವಾರ ಕಾಲು ಮಾಡಿ ಎರಡೇ ದಿನ ಆಗಿರುತ್ತದೆ. ಆಡುವುದಾದರೆ ಮೊದಲು ಹತ್ತು ನಿಮಿಷ ನಿಧಾನಕ್ಕೆ ಓಡಿ ಮೈ ಬೆಚ್ಚಗೆ ಮಾಡಿಕೊಳ್ಳಿ. ಜೋರಾಗಿ ಬೌಲಿಂಗ್ ಬೇಡ, ಭುಜಕ್ಕೆ ಅದು ಇನ್ನೊಂದು ವರ್ಕೌಟ್. ಒಂದು ಪಂದ್ಯ ಸಾಕು. ಬೆಳಿಗ್ಗೆಯಿಂದ ಸಂಜೆ ತನಕ ಟೂರ್ನಮೆಂಟ್ ಇದ್ದರೆ ಅವತ್ತು ರಜೆ ಆಗಲಿಲ್ಲ ಅಂತ ಲೆಕ್ಕ ಹಾಕಿ ಸೋಮವಾರ ಜಿಮ್ ಬಿಡಿ.

ಈಗ ಊಟ. ರಜೆಯ ದಿನ ಪ್ರೊಟೀನ್ ಬೇಡ ಅನ್ನುವುದು ಪೂರ್ತಿ ತಪ್ಪು. ಶುಕ್ರವಾರ, ಶನಿವಾರ ಮಾಡಿದ ಕಸರತ್ತಿನ ರಿಪೇರಿ ಭಾನುವಾರ ನಡೆಯುತ್ತಿರುತ್ತದೆ. ಗಾರೆ ಕೆಲಸದವರು ಬಂದ ದಿನವೇ ಸಿಮೆಂಟ್ ತರಿಸದಿದ್ದರೆ ಗೋಡೆ ಏಳುತ್ತದಾ? ತೂಕ ಎತ್ತುವವರಿಗೆ ದೇಹದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.4 ರಿಂದ 1.6 ಗ್ರಾಂ ಪ್ರೊಟೀನ್ ಸಾಕು. 64 ಕೆ.ಜಿ.ಗೆ 90 ರಿಂದ 100 ಗ್ರಾಂ. ಜಿಮ್ ದಿನವೂ ಇಷ್ಟೇ, ರಜೆಯ ದಿನವೂ ಇಷ್ಟೇ. ಮನೆ ಊಟದಲ್ಲೇ ಇದನ್ನು ಮುಟ್ಟಬಹುದು. ಮೂರು ಮೊಟ್ಟೆಯಲ್ಲಿ 18 ಗ್ರಾಂ. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25ರ ಹತ್ತಿರ, ಅಥವಾ ಬೆಂದ ಚಿಕನ್ 100 ಗ್ರಾಂ ತಿಂದರೂ ಅಷ್ಟೇ. ಎರಡು ದೊಡ್ಡ ಲೋಟ ಹಾಲಿನಲ್ಲಿ 16. ಮೂರು ಜೋಳದ ರೊಟ್ಟಿಯಲ್ಲಿ ಸುಮಾರು 12. ಗಟ್ಟಿ ಬೇಳೆ ಒಂದು ಬಟ್ಟಲು, ಒಂದು ಬಟ್ಟಲು ಮೊಸರು, ಒಂದು ದೊಡ್ಡ ಹಿಡಿ ಶೇಂಗಾ ಸೇರಿದರೆ ಇನ್ನೊಂದು 25. ಲೆಕ್ಕ ಮುಗಿಯಿತು. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೊಟೀನ್ ಹೆಚ್ಚಿಸಬಾರದು.

ಬೆಣ್ಣೆ ದೋಸೆ ತಿನ್ನಿ. ಸಂತೋಷವಾಗಿ ತಿನ್ನಿ. ದಾವಣಗೆರೆಯಲ್ಲಿ ಇದ್ದು ಭಾನುವಾರ ಬೆಣ್ಣೆ ದೋಸೆ ಬಿಡು ಅಂತ ನಾನು ಯಾರಿಗೂ ಹೇಳಿಲ್ಲ. ದೋಸೆ ಮತ್ತು ಆಲೂಗಡ್ಡೆ ಪಲ್ಯದ ಪಿಷ್ಟ ನಿಮ್ಮ ಖಾಲಿಯಾದ ಇಂಧನವನ್ನು ತುಂಬುತ್ತದೆ. ಬೆಣ್ಣೆಯ ಲೆಕ್ಕ ಗೊತ್ತಿರಲಿ: ಒಂದು ದೊಡ್ಡ ಚಮಚ ಬೆಣ್ಣೆ ಅಂದರೆ ಸುಮಾರು 100 ಕ್ಯಾಲೊರಿ. ನಿಮ್ಮ ತೂಕಕ್ಕೆ, ನಿಮ್ಮ ಕೆಲಸಕ್ಕೆ ವಾರಕ್ಕೊಮ್ಮೆ ಎರಡು ದೋಸೆ ಏನೂ ಮಾಡುವುದಿಲ್ಲ. ಕೊರತೆ ಇರುವುದು ಪ್ರೊಟೀನಿನದ್ದು, ಹಾಗಾಗಿ ಮನೆಗೆ ಬಂದು ಎರಡು ಮೊಟ್ಟೆ ಅಥವಾ ಒಂದು ಲೋಟ ಹಾಲು ಸೇರಿಸಿ. ಸಂಜೆ ಮಂಡಕ್ಕಿ ಸರಿ, ಜೊತೆಗೆ ಶೇಂಗಾ ಜಾಸ್ತಿ ಹಾಕಿಸಿಕೊಳ್ಳಿ, ಮಿರ್ಚಿ ಒಂದಕ್ಕೆ ನಿಲ್ಲಿಸಿ. ಕುಡಿತ ಬೇಡ. ಶನಿವಾರ ರಾತ್ರಿ ಕುಡಿದರೆ ನಿದ್ದೆಯೂ ಕೆಡುತ್ತದೆ, ಸ್ನಾಯುವಿನ ರಿಪೇರಿಯೂ ಕುಂಟುತ್ತದೆ.

ನೋವಿನ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳದೆ ಮುಗಿಸಲಾರೆ. ಕಸರತ್ತಿನ ಮರುದಿನ ಅಥವಾ ಮೂರನೇ ದಿನ ಮೈ ಹಿಡಿದುಕೊಳ್ಳುವುದು ಸಹಜ. 24 ರಿಂದ 72 ಗಂಟೆಯೊಳಗೆ ಅದು ಜೋರಾಗಿ ನಂತರ ತಾನೇ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಉಳಿದುಕೊಂಡು ಹೀಗಾಗುತ್ತದೆ ಅಂತ ಜಿಮ್‌ಗಳಲ್ಲಿ ಈಗಲೂ ಹೇಳುತ್ತಾರೆ. ಅದು ಕಸರತ್ತು ಮುಗಿದು ಒಂದು ಗಂಟೆಯೊಳಗೇ ರಕ್ತದಿಂದ ಹೋಗಿಬಿಡುತ್ತದೆ. ಈ ನೋವು ಎರಡೂ ಕಡೆ ಇರುತ್ತದೆ, ಸ್ನಾಯುವಿನ ನಡುವೆ ಇರುತ್ತದೆ, ನಡೆದಾಡಿದರೆ ಹಗುರಾಗುತ್ತದೆ. ಅದರ ಬದಲು ಒಂದೇ ಕಡೆ, ಕೀಲಿನ ಹತ್ತಿರ, ಬೆರಳಿಟ್ಟು ತೋರಿಸುವಷ್ಟು ಚುಚ್ಚುವ ನೋವು ಇದ್ದರೆ ಅದು ರಜೆ ಕೇಳುವ ನೋವು. ನಾನು ಇದನ್ನು ಕಷ್ಟಪಟ್ಟು ಕಲಿತೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಕಾಲೇಜಿನ ಸ್ಪರ್ಧೆಗೆ ಅಂತ ಬಲಭುಜ ಚುಚ್ಚುತ್ತಿದ್ದರೂ ಮಾತ್ರೆ ನುಂಗಿ ಐದು ವಾರ ಎತ್ತಿದೆ. ಹತ್ತು ದಿನ ಬಿಟ್ಟಿದ್ದರೆ ಸರಿಹೋಗುತ್ತಿದ್ದದ್ದು ಹತ್ತು ತಿಂಗಳು ಹಿಡಿಯಿತು. ತಲೆ ಬಾಚಲು ಕೈ ಎತ್ತಲು ಆಗುತ್ತಿರಲಿಲ್ಲ. ಕಸರತ್ತು ಮಾಡಲು ಅಂತ ನೋವಿನ ಮಾತ್ರೆ ತೆಗೆದುಕೊಳ್ಳಬೇಡಿ. ಬೇಸಿಗೆಯಲ್ಲಿ ಬೆವರು ಹರಿದು ಮೈಯಲ್ಲಿ ನೀರು ಕಡಿಮೆ ಇರುವಾಗ ಆ ಮಾತ್ರೆಗಳು ಕಿಡ್ನಿಗೂ ಕೆಟ್ಟದ್ದು.

ಇನ್ನೊಂದು ಅಪರೂಪದ, ಆದರೆ ಅಪಾಯದ ಸೂಚನೆ: ಅತಿಯಾಗಿ ಕಸರತ್ತು ಮಾಡಿದ ಮೇಲೆ ಸ್ನಾಯು ಊದಿ, ತಡೆಯಲಾರದ ನೋವು ಬಂದು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ವಿಶ್ರಾಂತಿ ಅಂತ ಕೂರಬೇಡಿ. ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಹರಿದ ಸ್ನಾಯುವಿನ ಅಂಶ ಕಿಡ್ನಿಗೆ ಹೊಡೆತ ಕೊಡುತ್ತಿರುತ್ತದೆ.

ಮೈಗೆ ರಜೆ ಬೇಕಾ ಅಂತ ತಿಳಿಯಲು ಒಂದು ಸುಲಭದ ಉಪಾಯ ಇದೆ, ಯಂತ್ರ ಬೇಡ. ಬೆಳಿಗ್ಗೆ ಹಾಸಿಗೆಯಲ್ಲೇ ಮಣಿಕಟ್ಟಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ, ಬರೆದಿಡಿ. ಎರಡು ವಾರದಲ್ಲಿ ನಿಮ್ಮ ಮಾಮೂಲಿ ಲೆಕ್ಕ ಸಿಗುತ್ತದೆ. 62 ಅಂತ ಇಟ್ಟುಕೊಳ್ಳಿ. ಎರಡು ಮೂರು ದಿನ ಸತತವಾಗಿ 70 ದಾಟಿದರೆ, ಜೊತೆಗೆ ಸುಮ್ನೆ ಸಿಟ್ಟು ಬರುವುದು, ಊಟ ಸೇರದಿರುವುದು, ಪದೇ ಪದೇ ನೆಗಡಿ ಆಗುವುದು ಸೇರಿದರೆ ಮೈ ದಣಿದಿದೆ. ಕ್ಯಾಲೆಂಡರ್‌ನಲ್ಲಿ ಯಾವ ವಾರ ಇದ್ದರೂ ಅವತ್ತು ರಜೆ ತೆಗೆದುಕೊಳ್ಳಿ. ಜ್ವರ ಬರುವ ಮುಂಚೆಯೂ ನಾಡಿ ಹೀಗೇ ಏರುತ್ತದೆ, ಆಗಲೂ ಜಿಮ್ ಬೇಡ.

ನಿಮಗೆ ನಾನು ಹೇಳುವ ವಾರ ಇದು. ಸೋಮವಾರ ಸೊಂಟದಿಂದ ಮೇಲೆ, ಅಂದರೆ ಎದೆ, ಬೆನ್ನು, ಭುಜ, ಕೈ ಎಲ್ಲ ಒಟ್ಟಿಗೆ. ಮಂಗಳವಾರ ಕಾಲು ಮತ್ತು ಹೊಟ್ಟೆ. ಬುಧವಾರ ರಜೆ, ಆರೂವರೆ ತನಕ ನಿದ್ದೆ. ಗುರುವಾರ ಮತ್ತೆ ಮೇಲೆ, ಶುಕ್ರವಾರ ಮತ್ತೆ ಕಾಲು. ಶನಿವಾರ ಬೆಳಿಗ್ಗೆ ಕೆರೆ ಏರಿ ನಡಿಗೆ ಮಾತ್ರ, ಅವತ್ತು ಅಂಗಡಿಯಲ್ಲಿ ಹೇಗೂ ಜನ ಜಾಸ್ತಿ. ಭಾನುವಾರ ಮೇಲೆ ಹೇಳಿದ ಹಾಗೆ. ಹೀಗೆ ಮಾಡಿದರೆ ಪ್ರತಿ ಅಂಗ ವಾರಕ್ಕೆ ಎರಡು ಸಲ ದುಡಿಯುತ್ತದೆ, ನಡುವೆ ಎರಡು ಮೂರು ದಿನ ಬಿಡುವು ಸಿಗುತ್ತದೆ, ಎದೆ ಮತ್ತು ಟ್ರೈಸೆಪ್ಸ್ ಒಂದೇ ದಿನ ದಣಿದು ಒಟ್ಟಿಗೆ ಸುಧಾರಿಸಿಕೊಳ್ಳುತ್ತವೆ. ನಾಲ್ಕು ದಿನ ಕಡಿಮೆ ಆಯಿತು ಅನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಸ್ನಾಯು ಬಲದ ಕಸರತ್ತು ವಾರಕ್ಕೆ ಕನಿಷ್ಠ ಎರಡು ದಿನ ಅಂತಿದೆ, ನಡಿಗೆಯಂಥ ಚಟುವಟಿಕೆ 150 ರಿಂದ 300 ನಿಮಿಷ. ಸ್ನಾಯು ಬಲದ ಲೆಕ್ಕವನ್ನು ನೀವು ದಾಟಿಯೇ ಇರುತ್ತೀರಿ.

ಈ ಹೊಸ ವಾರವನ್ನು ನಾಳೆಯೇ ಶುರು ಮಾಡಬೇಡಿ. ಎಂಟು ತಿಂಗಳಲ್ಲಿ ನೀವು ಒಂದು ಹಗುರ ವಾರವನ್ನೂ ತೆಗೆದುಕೊಂಡಿಲ್ಲ ಅಂತ ಕಾಣುತ್ತದೆ. ಮೊದಲ ಏಳು ದಿನ ಮೂರೇ ಸಲ ಜಿಮ್‌ಗೆ ಹೋಗಿ, ಸೆಟ್ ಅರ್ಧ ಮಾಡಿ, ಬೆಂಚ್‌ನಲ್ಲಿ 35 ರಿಂದ 40 ಕೆ.ಜಿ. ದಾಟಬೇಡಿ. ಸುಲಭ ಅನಿಸಬೇಕು, ಹಾಗೆ ಅನಿಸಲಿ ಅಂತಲೇ ಇದು. ಆರರಿಂದ ಎಂಟು ವಾರಕ್ಕೊಮ್ಮೆ ಇಂಥ ಒಂದು ವಾರ ಇರಲಿ. ಎರಡನೇ ವಾರದಿಂದ ನಾಲ್ಕು ದಿನದ ಲೆಕ್ಕಕ್ಕೆ ಬನ್ನಿ, ಬೆಂಚ್ 55ರಿಂದ ಶುರು ಮಾಡಿ. ಹತ್ತೂವರೆಯ ನಿದ್ದೆ ಮೊದಲ ದಿನದಿಂದಲೇ. ಐದನೇ ವಾರದ ಸೋಮವಾರ ರಾಡಿನ ಎರಡೂ ಕಡೆ 1.25 ಕೆ.ಜಿ.ಯ ಸಣ್ಣ ಪ್ಲೇಟ್ ಸೇರಿಸಿ 62.5 ಮಾಡಿ ಎತ್ತಿ ನೋಡಿ. ಅವತ್ತು ತಲೆಯ ಹಿಂದೆ ಒಬ್ಬರನ್ನು ನಿಲ್ಲಿಸಿಕೊಳ್ಳಿ, ಒಬ್ಬರೇ ಎತ್ತಬೇಡಿ.